ಮರಳಿ ಬರುವ ಅಲೆ

ಮೈಸೂರಿನ ಹಳೆಯ ಬೀದಿಗಳಲ್ಲಿ ಮುಂಜಾವಿನ ಹೊತ್ತು ಸಂಚರಿಸುವವರಿಗೆ, ವಾಹನವು ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ತಿರುವಿನಾಚೆಯಿಂದ ತನ್ನ ಹೆಸರನ್ನು ತಾನೇ ಹೇಳಿಕೊಂಡು ಬರುವ ಒಂದು ನಾದವು ಇಂದಿಗೂ ಆಗಾಗ ಕೇಳಿಬರುವುದುಂಟು. ನಿಧಾನವಾಗಿ ತಿರುಗುವಾಗ ಒಂದೊಂದು ಏಟನ್ನೂ ಬೇರೆಬೇರೆಯಾಗಿ ಎಣಿಸಬಹುದಾದ, ವೇಗ ಏರಿದಂತೆ ಎಲ್ಲ ಏಟುಗಳೂ ಒಂದೇ ಎಳೆಯಾಗಿ ಹೊಸೆದುಕೊಳ್ಳುವ ಆ ನಾದವು ಜಾವಾ ಅಥವಾ ಯೆಜ್ಡಿ ಮೋಟಾರ್‌ಸೈಕಲ್ಲಿನದು. ಯಾನೆಚೆಕ್ ಎಂಬ ಝೆಕ್ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ನಿರ್ಮಾಣದ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಜಾವಾ. ಆ ಹೆಸರಿನ ವಾಹನಗಳು 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಸಿದ್ಧಗೊಳ್ಳತೊಡಗಿ, ಮುಂದೆ 1970ರ ದಶಕದಲ್ಲಿ ಯೆಜ್ಡಿಯೆಂಬ ನಾಮಾಂತರವನ್ನು ಪಡೆದು, 1996ರಲ್ಲಿ ಕಾರ್ಖಾನೆಯು ಬಾಗಿಲು ಮುಚ್ಚುವವರೆಗೂ ಈ ನಾಡಿನ ರಸ್ತೆಗಳಿಗೆ ಇಳಿಯುತ್ತಲೇ ಇದ್ದವು. ಕಾರ್ಖಾನೆ ಹೋದರೂ ವಾಹನಗಳು ಉಳಿದವು. ಅವುಗಳನ್ನು ಉಳಿಸಿದ್ದು, ಮರದ ನೆರಳಿನಲ್ಲಿ ತಗಡಿನ ಮಾಡು ಹೊದಿಸಿಕೊಂಡು ಕುಳಿತ ಮೇಸ್ತ್ರಿಗಳ ಕೈ ಮತ್ತು ಕಿವಿ.

ಅಂಥ ಒಬ್ಬ ಮೇಸ್ತ್ರಿಯ ಬಳಿಗೆ ನಾನು ಮೊದಲ ಬಾರಿ ಹೋದದ್ದು ಲಜ್ಜೆಯಿಂದ ತಲೆ ತಗ್ಗಿಸಿಕೊಂಡು. ಆಗ ನನಗೆ ಇಪ್ಪತ್ತೆರಡು ವರ್ಷ. ಕೈಗೆ ಬಂದ ಹಳೆಯ ಯೆಜ್ಡಿ ರೋಡ್‌ಕಿಂಗ್ ಇನ್ನಷ್ಟು ಓಡಬೇಕೆಂಬ ಆಸೆಯಿಂದ ಅದರ ಎರಡೂ ಸೈಲೆನ್ಸರುಗಳ ಒಳಗಿದ್ದ ಬ್ಯಾಫಲ್ ಎಂಬ ತೂತುಗಳುಳ್ಳ ಒಳಗೊಳವೆಯನ್ನು ಬಿಚ್ಚಿ ಮೂಲೆಗೆ ಎಸೆದಿದ್ದೆ. ಹೊಗೆಯ ದಾರಿಯಲ್ಲಿ ಅಡ್ಡಿಯಿಲ್ಲದಿದ್ದರೆ ಎಂಜಿನ್ನು ಸುಲಭವಾಗಿ ಉಸಿರಾಡುವುದು, ಸುಲಭವಾಗಿ ಉಸಿರಾಡಿದರೆ ಬಲವು ಹೆಚ್ಚುವುದು ಎಂಬ ತರ್ಕವು ಆ ವಯಸ್ಸಿಗೆ ನಿರ್ದುಷ್ಟವೆಂದೇ ತೋರಿತ್ತು. ಸದ್ದು ಇಮ್ಮಡಿಯಾಯಿತು, ಸದ್ದು ಇಮ್ಮಡಿಯಾದುದರಿಂದ ವೇಗವೂ ಹೆಚ್ಚಿತೆಂದು ಮನಸ್ಸು ನಂಬಿತು. ಮೂರನೆಯ ದಿನ ನಂಜನಗೂಡಿನ ರಸ್ತೆಯಲ್ಲಿ, ನೇರವಾದ ಹಾದಿ ಸಿಕ್ಕಿತೆಂದು ಆಕ್ಸಿಲರೇಟರನ್ನು ಪೂರ್ಣವಾಗಿ ತಿರುವಿ ಹಿಡಿದು ಎರಡು ಮೂರು ನಿಮಿಷ ಹೋಗುವಷ್ಟರಲ್ಲಿ, ಎಂಜಿನ್ನಿನ ಸ್ವರವು ಒಮ್ಮೆಲೇ ತೆಳ್ಳಗಾಗಿ, ಯಾರೋ ಹಿಂದಿನಿಂದ ಜಗ್ಗಿದಂತಾಗಿ, ಚಕ್ರವು ಹಿಡಿದುಕೊಂಡಿತು. ಕ್ಲಚ್ಚನ್ನು ಅದುಮಿದ್ದರಿಂದ ಬೀಳಲಿಲ್ಲ, ಅಷ್ಟೆ. ಎಂಜಿನ್ ಸೀಜ್ ಆಗಿತ್ತು.

ಮೇಸ್ತ್ರಿ ಸಿಲಿಂಡರನ್ನು ಕಳಚಿ, ಗೀರುಬಿದ್ದ ಪಿಸ್ಟನ್ನನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಬಹಳ ಹೊತ್ತಿನ ಮೇಲೆ, ಬೈಯದೆ, ಒಂದೇ ಮಾತು ಹೇಳಿದರು: “ಹೊಗೆ ಆಚೆಗೆ ಹೋದ್ರೆ ಸಾಲ್ದಪ್ಪ. ಅದರ ಏಟು ವಾಪಸ್ಸು ಬರಬೇಕು. ವಾಪಸ್ಸು ಬರೋದಕ್ಕೆ ನೀನು ಜಾಗನೇ ಬಿಟ್ಟಿಲ್ಲ.” ಆ ಮಾತಿನ ಅರ್ಥವು ನನಗೆ ಪೂರ್ಣವಾಗಿ ತಿಳಿಯುವುದಕ್ಕೆ ಕೆಲವು ವರ್ಷಗಳೇ ಹಿಡಿದವು. ಅದು ತಿಳಿದ ಬಳಿಕ, ಮೋಟಾರ್‌ಸೈಕಲ್ಲಿನ ಕಾರ್ಬ್ಯುರೇಟರನ್ನೂ ಹೊಗೆಕೊಳವೆಯನ್ನೂ ಹದಗೊಳಿಸುವ ವಿದ್ಯೆಯೆಲ್ಲವೂ ಆ ಒಂದು ಮಾತಿನ ವ್ಯಾಖ್ಯಾನವೆಂದು ನನಗೆ ಅನ್ನಿಸಿದೆ.

ಮೊದಲು ಉಸಿರು ಒಳಗೆ ಹೋಗುವ ದ್ವಾರವನ್ನು ನೋಡೋಣ. ಕಾರ್ಬ್ಯುರೇಟರಿನ ಹೃದಯವೆಂದರೆ ನಡುವೆ ಕಿರಿದಾದ ಒಂದು ಕೊಳವೆ. ಹರಿಯುವ ಗಾಳಿಯು ಕಿರಿದಾದ ಜಾಗದಲ್ಲಿ ವೇಗವನ್ನು ಪಡೆಯುವುದು, ವೇಗವು ಹೆಚ್ಚಿದಲ್ಲಿ ಒತ್ತಡವು ತಗ್ಗುವುದು. 18ನೆಯ ಶತಮಾನದಲ್ಲಿ ಬರ್ನೂಲಿಯು ಪ್ರತಿಪಾದಿಸಿ, ಇಟಲಿಯ ವೆಂಚುರಿಯು ಕೊಳವೆಗಳಲ್ಲಿ ಪರೀಕ್ಷಿಸಿ ತೋರಿಸಿದ ಈ ತತ್ತ್ವದ ಆಧಾರದಿಂದಲೇ, ಕೆಳಗಿನ ಬಟ್ಟಲಿನಲ್ಲಿ ನಿಂತಿರುವ ಪೆಟ್ರೋಲು ಸಣ್ಣ ರಂಧ್ರಗಳ ಮೂಲಕ ಮೇಲೆದ್ದು, ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. ಯೆಜ್ಡಿಯ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಸಂಚಾರ 75 ಮಿ.ಮೀ.; ಎಂದರೆ ಒಂದು ಗುಟುಕಿಗೆ ಸುಮಾರು ಕಾಲು ಲೀಟರ್ ಗಾಳಿ. ಆ ಗುಟುಕಿನೊಡನೆ ಬೆರೆಯಬೇಕಾದ ಪೆಟ್ರೋಲಿನ ತೂಕವು ಒಂದು ಗ್ರಾಮಿನ 50ನೆಯ ಒಂದು ಭಾಗದ ಆಸುಪಾಸಿನದು. ನಿಮಿಷಕ್ಕೆ 4,500 ಸುತ್ತಿನ ವೇಗದಲ್ಲಿ, ಸೆಕೆಂಡಿಗೆ 75 ಬಾರಿ, ಇಷ್ಟು ಅಲ್ಪವಾದ ಅಳತೆಯನ್ನು ತಪ್ಪದೆ ಅಳೆದು ಕೊಡುವ ಕೆಲಸವನ್ನು ಸಣ್ಣ ರಂಧ್ರಗಳುಳ್ಳ ಕೆಲವು ಹಿತ್ತಾಳೆಯ ಜೆಟ್ಟುಗಳು, ಒಂದು ಸೂಜಿ ಮತ್ತು ಬಟ್ಟಲಿನಲ್ಲಿ ತೇಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ಒಂದು ಫ್ಲೋಟ್ ಸೇರಿ ಮಾಡುತ್ತವೆಂಬುದನ್ನು ನೆನೆದಾಗ, ಆ ಪುಟ್ಟ ಯಂತ್ರದ ಮೇಲೆ ಗೌರವ ಹುಟ್ಟದಿರದು.

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕೆಂಬುದು ರಸಾಯನಶಾಸ್ತ್ರದ ಲೆಕ್ಕ. ಆದರೆ ಅತ್ಯಧಿಕ ಬಲವು ದೊರೆಯುವುದು ಅದಕ್ಕಿಂತ ತುಸು ದಟ್ಟವಾದ, ಸುಮಾರು 12.5ರಿಂದ 13ಕ್ಕೆ 1ರ ಮಿಶ್ರಣದಲ್ಲಿ. ಗ್ಯಾರೇಜಿನ ಮಾತಿನಲ್ಲಿ ದಟ್ಟವಾದುದು ‘ರಿಚ್’, ತೆಳುವಾದುದು ‘ಲೀನ್’. ದಟ್ಟತೆ ಮಿತಿಮೀರಿದರೆ ಎಂಜಿನ್ನು ಮಂಕಾಗಿ, ಹೊಗೆ ಕಾರಿ, ಕಿಡಿ ಹೊತ್ತಿಸುವ ಪ್ಲಗ್ಗನ್ನು ಮಸಿಗೊಳಿಸುವುದು. ತೆಳುತನ ಮಿತಿಮೀರಿದರೆ ಉರಿಯ ತಾಪವು ಏರಿ, ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಯೆಜ್ಡಿಯದರಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯು ಪೆಟ್ರೋಲಿನೊಡನೆಯೇ ಬೆರೆತು ಬರತಕ್ಕದ್ದಾದುದರಿಂದ, ಪೆಟ್ರೋಲು ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಗುತ್ತದೆ. ತಾಪವು ಹೆಚ್ಚಿದ ಗಳಿಗೆಯಲ್ಲಿಯೇ ನುಣುಪು ತಪ್ಪುತ್ತದೆ. ನಂಜನಗೂಡಿನ ರಸ್ತೆಯಲ್ಲಿ ನನಗಾದುದು ಇದೇ. ಬ್ಯಾಫಲ್ ತೆಗೆದು ಗಾಳಿಯ ಹರಿವನ್ನು ಬದಲಿಸಿದ ನಾನು ಅದಕ್ಕೆ ತಕ್ಕಂತೆ ಜೆಟ್ಟನ್ನು ಬದಲಿಸಿರಲಿಲ್ಲ.

ಈ ಹದವು ಊರಿನಿಂದ ಊರಿಗೂ ಬದಲಾಗುವುದೆಂಬುದನ್ನು ನಮ್ಮ ನಾಡಿನ ಸವಾರರು ಚೆನ್ನಾಗಿ ಬಲ್ಲರು. ಒಂದು ಕಿಲೋ ಪೆಟ್ರೋಲಿಗೆ ಬೇಕಾಗುವ ಗಾಳಿಯು ಮಂಗಳೂರಿನ ತೀರದಲ್ಲಿ ಸುಮಾರು 12,500 ಲೀಟರುಗಳಲ್ಲಿ ದೊರೆತರೆ, ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ವಿರಳವಾದ ಕಾರಣ ಅಷ್ಟೇ ತೂಕಕ್ಕೆ 13,700 ಲೀಟರುಗಳಷ್ಟು ಬೇಕು. ಕಾರ್ಬ್ಯುರೇಟರಾದರೋ ಈ ಭೇದವನ್ನು ಅರ್ಧದಷ್ಟು ಮಾತ್ರ ತಾನಾಗಿ ಸರಿದೂಗಿಸಿಕೊಳ್ಳಬಲ್ಲದು. ಆದುದರಿಂದ ಬೆಂಗಳೂರಿನಲ್ಲಿ ಕೂದಲೆಳೆಯ ಅಂಚಿನವರೆಗೆ ತೆಳುವಾಗಿ ಹದಗೊಳಿಸಿದ ಬೈಕು ಚಾರ್ಮಾಡಿ ಘಾಟಿಯನ್ನಿಳಿದು ಕರಾವಳಿಯನ್ನು ಸೇರಿದಾಗ ಇನ್ನೂ ಶೇಕಡಾ 4ರಿಂದ 5ರಷ್ಟು ತೆಳುವಾಗುವುದು. ಕರಾವಳಿಯಲ್ಲಿ ಸರಿಮಾಡಿದ ಬೈಕು ಬಾಬಾಬುಡನ್‌ಗಿರಿಯನ್ನೇರುವಾಗ ಮಂಕಾಗಿ ಮುಗ್ಗರಿಸುವುದು. ಘಟ್ಟದ ಮೇಲೂ ಕೆಳಗೂ ಓಡಾಡುವವನು ತುಸು ದಟ್ಟದ ಕಡೆಗೇ ನಿಲ್ಲಬೇಕೆಂಬ ಮೇಸ್ತ್ರಿಗಳ ಎಚ್ಚರಿಕೆಗೆ ಭೂಗೋಳವೇ ಆಧಾರ.

ಇನ್ನು ಉಸಿರು ಹೊರಡುವ ದ್ವಾರ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯನ್ನು ತಡೆದು ಬಿಡುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಸಾಗುತ್ತದೆ. ಪಿಸ್ಟನ್ನು ಕೆಳಗಿಳಿಯುವಾಗ ಮೊದಲು ಹೊಗೆಯ ಕಿಂಡಿಯೂ ಆಮೇಲೆ ಹೊಸ ಮಿಶ್ರಣದ ಕಿಂಡಿಗಳೂ ತೆರೆಯುವುವು. ಮೇಲೇರುವಾಗ ಮೊದಲು ಮಿಶ್ರಣದ ಕಿಂಡಿಗಳೂ ಆಮೇಲೆ ಹೊಗೆಯ ಕಿಂಡಿಯೂ ಮುಚ್ಚುವುವು. ಆದಕಾರಣ, ಒಳಗೆ ಬಂದ ಹೊಸ ಮಿಶ್ರಣದಲ್ಲಿ ಒಂದು ಪಾಲು, ಇನ್ನೂ ತೆರೆದೇ ಇರುವ ಹೊಗೆಯ ಕಿಂಡಿಯಿಂದ, ಉರಿಯದೆಯೇ ಹೊರಗೆ ಹರಿದುಹೋಗುವ ಒಂದು ಕ್ಷಣವು ಪ್ರತಿ ಸುತ್ತಿನಲ್ಲಿಯೂ ಬಂದೇ ತೀರುತ್ತದೆ. ಈ ಸೋರಿಕೆಯನ್ನು ತಡೆಯುವ ಬಾಗಿಲು ಎಂಜಿನ್ನಿನಲ್ಲಿ ಎಲ್ಲಿಯೂ ಇಲ್ಲ. ಆ ಬಾಗಿಲಿನ ಕೆಲಸವನ್ನು ಮಾಡುವುದು ಹೊಗೆಕೊಳವೆಯಲ್ಲಿ ಮರಳಿ ಬರುವ ಅಲೆ.

ಹೊಗೆಯ ಕಿಂಡಿ ತೆರೆದೊಡನೆ ಹೊರಚಿಮ್ಮುವ ಒತ್ತಡವು ಕೊಳವೆಯಲ್ಲಿ ಶಬ್ದದ ಅಲೆಯಂತೆ ಧಾವಿಸುತ್ತದೆ. ಕೊಳವೆ ಅಗಲವಾಗುತ್ತ ಹೋಗುವ ಕಡೆಯಲ್ಲಿ ಅದರ ಒಂದಂಶವು ಹೀರುವ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲುಳಿದ ಹೊಗೆಯನ್ನು ಎಳೆದುಹಾಕಿ, ಹೊಸ ಮಿಶ್ರಣವನ್ನು ಒಳಕ್ಕೆ ಸೆಳೆಯುವುದು. ಕೊಳವೆ ಮತ್ತೆ ಕಿರಿದಾಗುವ ಕಡೆಯಲ್ಲಿ ಇನ್ನೊಂದಂಶವು ತಳ್ಳುವ ಅಲೆಯಾಗಿ ಹಿಂದಿರುಗಿ, ಹೊರಗೆ ಸೋರಿದ ಮಿಶ್ರಣವನ್ನು ಕಿಂಡಿ ಮುಚ್ಚುವ ಗಳಿಗೆಗೆ ಸರಿಯಾಗಿ ಮರಳಿ ಸಿಲಿಂಡರಿನೊಳಕ್ಕೆ ಒತ್ತುವುದು. ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನಲ್ಲಿದ್ದ ಎಂ.ಜೆಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್, 1950ರ ದಶಕದಲ್ಲಿ, ಈ ಅಲೆಗಳ ಗತಿಯನ್ನು ಉಪಕರಣಗಳಿಂದ ಅಳೆದು ನೋಡುತ್ತ, ಅಗಲವಾಗಿ ಮತ್ತೆ ಕಿರಿದಾಗುವ ‘ಎಕ್ಸ್‌ಪಾನ್ಷನ್ ಛೇಂಬರ್’ ಎಂಬ ಹೊಗೆಕೊಳವೆಯನ್ನು ಪರಿಪೂರ್ಣತೆಯ ಹತ್ತಿರಕ್ಕೆ ತಂದನು. 1961ರ ಹೊತ್ತಿಗೆ ಅವನ 125 ಸಿ.ಸಿ.ಯ ಪುಟ್ಟ ಎಂಜಿನ್ನು 25 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಲೀಟರಿಗೆ 200 ಅಶ್ವಶಕ್ತಿ ಎಂಬ ಪ್ರಮಾಣವು ಆ ಕಾಲಕ್ಕೆ ಅಪೂರ್ವವಾದುದು. ಅದೇ ವರ್ಷ ಅವನ ಸವಾರನಾದ ಅರ್ನ್ಸ್ಟ್ ಡೆಗ್ನರ್ ದೇಶವನ್ನು ತೊರೆದು ಜಪಾನಿನ ಸುಜುಕಿಯನ್ನು ಸೇರಿದನು. ಅವನೊಡನೆ ಈ ವಿದ್ಯೆಯೂ ಹೋಯಿತು. 1962ರಲ್ಲಿ ಅವನೇ ಸುಜುಕಿಗೆ 50 ಸಿ.ಸಿ. ವರ್ಗದ ವಿಶ್ವಪದವಿಯನ್ನು ಗೆದ್ದುಕೊಟ್ಟನು. ಬರಿಯ ತಗಡನ್ನು ಸುತ್ತಿ ಬೆಸೆದ ಕೊಳವೆಯ ಆಕಾರದಲ್ಲಿ ಅಷ್ಟೊಂದು ಶಕ್ತಿ ಅಡಗಿದ್ದಿತು.

ಈ ಅಲೆಯ ಲೆಕ್ಕವು ಕಠಿನವಾದುದೇನೂ ಅಲ್ಲ. ನಿಮಿಷಕ್ಕೆ 4,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಹೊಗೆಯ ಕಿಂಡಿ ತೆರೆದಾಗಿನಿಂದ 140 ಡಿಗ್ರಿಗಳಷ್ಟು ತಿರುಗುವ ಹೊತ್ತಿಗೆ ತಳ್ಳುವ ಅಲೆಯು ಮರಳಿ ಬರಬೇಕೆಂದು ಇಟ್ಟುಕೊಳ್ಳೋಣ. ಅದಕ್ಕೆ ದೊರೆಯುವ ಕಾಲ ಸೆಕೆಂಡಿನ ಸಾವಿರ ಪಾಲಿನಲ್ಲಿ ಐದಕ್ಕಿಂತ ತುಸು ಹೆಚ್ಚು. ಬಿಸಿ ಹೊಗೆಯಲ್ಲಿ ಅಲೆಯು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಿಂದ ಸಾಗುವುದರಿಂದ, ಆ ಅವಧಿಯಲ್ಲಿ ಅದು ಹೋಗಿಬರಬಲ್ಲ ಒಟ್ಟು ದೂರ 2.6 ಮೀಟರ್, ಎಂದರೆ ಅಲೆ ತಿರುಗಿಕೊಳ್ಳಬೇಕಾದ ಸ್ಥಳವು ಸಿಲಿಂಡರಿನಿಂದ 1.3 ಮೀಟರ್ ದೂರದಲ್ಲಿರಬೇಕು. ಎಂಜಿನ್ನನ್ನು 9,000 ಸುತ್ತುಗಳಲ್ಲಿ ಓಡಿಸುವ ಪಂದ್ಯದ ಬೈಕಿಗಾದರೆ ಇದೇ ದೂರವು ಅರ್ಧವಾಗಿ 65 ಸೆಂಟಿಮೀಟರಿಗೆ ಇಳಿಯುವುದು. ನಾಗಸ್ವರದ ಉದ್ದವು ಅದರ ಶ್ರುತಿಯನ್ನು ನಿಶ್ಚಯಿಸುವಂತೆ, ಹೊಗೆಕೊಳವೆಯ ಉದ್ದವು ಎಂಜಿನ್ನು ಯಾವ ವೇಗದಲ್ಲಿ ಚೆನ್ನಾಗಿ ಎಳೆಯಬೇಕೆಂಬುದನ್ನು ನಿಶ್ಚಯಿಸುತ್ತದೆ. ರಸ್ತೆಯ ಬೈಕಿನ ಉದ್ದನೆಯ ಸೈಲೆನ್ಸರಿಗೆ ಪಂದ್ಯದ ಕೊಳವೆಯ ತೀಕ್ಷ್ಣವಾದ ಆಕಾರವಿಲ್ಲದಿದ್ದರೂ, ಮೊದಲ ಬಾಗಿನಿಂದ ಕೊನೆಯ ಬ್ಯಾಫಲ್ಲಿನವರೆಗೆ ಅದೂ ಇಂಥದೇ ಒಂದು ಲೆಕ್ಕದ ಫಲ. ಒಳಗೊಳವೆಯನ್ನು ಕಿತ್ತವನು, ಅಲೆಯು ತಿರುಗಿಕೊಳ್ಳುವ ಗೋಡೆಯನ್ನೇ ಕೆಡವಿದಂತೆ. ಮೇಸ್ತ್ರಿಯ ಮಾತಿನ ಅರ್ಥ ಇದು.

ಹೀಗಿರುವಾಗ, ಸದ್ದನ್ನೇ ಶಕ್ತಿಯೆಂದು ಭಾವಿಸಿ ಸೈಲೆನ್ಸರನ್ನು ಕೊರೆಯುವ ಎಳೆಯರನ್ನು ಕಂಡಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಮರುಕ ಹುಟ್ಟುತ್ತದೆ. ಎಂಜಿನ್ನಿಗೆ ಉಪಯೋಗವಾಗಬೇಕಾದ ಅಲೆಯೇ ಬೀದಿಗೆ ಬಿದ್ದು, ಮಲಗಿದ ಕೂಸನ್ನೂ ಆಸ್ಪತ್ರೆಯ ರೋಗಿಯನ್ನೂ ಎಬ್ಬಿಸುವ ಸದ್ದಾಗುತ್ತದೆ. ಸವಾರನಿಗೆ ಲಾಭವಿಲ್ಲ, ಊರಿಗೆ ಉಪದ್ರವ. ತಯಾರಕರು ಕೊಟ್ಟ ಮೂಲರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ವಿಧಿಸಿರುವುದು ಸರಿಯಾಗಿಯೇ ಇದೆ. ಆದರೆ ಕಾನೂನಿನ ಭಯಕ್ಕಿಂತ ಯಂತ್ರದ ಅರಿವೇ ಹೆಚ್ಚಿನ ಕಾವಲು. ಕಾರ್ಖಾನೆ ಕೊಟ್ಟ ಶಕ್ತಿಯನ್ನು ಪೂರ್ಣವಾಗಿ ಹಿಂದಕ್ಕೆ ಪಡೆಯುವುದೇ ನಮ್ಮ ಹಳೆಯ ಬೈಕುಗಳ ವಿಷಯದಲ್ಲಿ ಬಹುದೊಡ್ಡ ಸಾಧನೆ.

ಅದಕ್ಕೆ ಕ್ರಮವೊಂದಿದೆ. ಸ್ನಾನ ಮಾಡುವ ಮೊದಲು ನೀರು ಕಾಯಿಸಬೇಕೆಂಬಷ್ಟು ಸಹಜವಾದ ಆ ಕ್ರಮದಲ್ಲಿ ಹೊಗೆಕೊಳವೆಯೇ ಮೊದಲು, ಕಾರ್ಬ್ಯುರೇಟರ್ ಕೊನೆಗೆ. ಯೆಜ್ಡಿಗೆ ಸಿಲಿಂಡರ್ ಒಂದಾದರೂ ಹೊಗೆಯ ದಾರಿಗಳು ಎರಡು. ಮೇಸ್ತ್ರಿ ಎಂಜಿನ್ನನ್ನು ಬಿಸಿಮಾಡಿ, ಐಡ್ಲಿಂಗಿನಲ್ಲಿ ಬಿಟ್ಟು, ಬೈಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಸೈಲೆನ್ಸರುಗಳ ತುದಿಗೆ ಎರಡು ಅಂಗೈಗಳನ್ನು ಗೇಣುದೂರದಲ್ಲಿ ಒಡ್ಡಿ ಕಣ್ಣು ಮುಚ್ಚುತ್ತಿದ್ದರು. ಎರಡು ಕೈಗಳಿಗೂ ಒಂದೇ ಬಲದ ಉಸಿರು ತಾಕಬೇಕು. “ಎಡಗಡೆದು ಕಟ್ಟಿದೆ” ಎಂದು ಅವರು ಹೇಳಿದರೆ, ಬಿಚ್ಚಿ ನೋಡಿದಾಗ ಎಡಗಡೆಯ ಬ್ಯಾಫಲ್ಲಿನ ತೂತುಗಳಲ್ಲಿ ಎಣ್ಣೆಯ ಜಿಡ್ಡೂ ಕಾರ್ಬನ್ನೂ ಹೆಪ್ಪುಗಟ್ಟಿರುತ್ತಿದ್ದುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅದನ್ನು ಸುಟ್ಟು, ಉಜ್ಜಿ, ಸಿಲಿಂಡರಿನ ಕಿಂಡಿಯಲ್ಲಿ ಕಟ್ಟಿದ ಮಸಿಯನ್ನೂ ಗೋಡೆಗೆ ಗೀರು ಬೀಳದಂತೆ ಕೆರೆದು ತೆಗೆದರೆ, ಅರ್ಧ ರೋಗ ಹೋದಂತೆ. ಆಮೇಲೆ ಏರ್ ಫಿಲ್ಟರಿನ ಧೂಳು, ಪಾಯಿಂಟಿನ ಅಂತರ, ಕಿಡಿಯ ಕಾಲ. ಆಮೇಲೆ ಕಾರ್ಬ್ಯುರೇಟರಿನ ಬುಡದಲ್ಲಿಯೂ ಕ್ರ್ಯಾಂಕಿನ ಸೀಲುಗಳಲ್ಲಿಯೂ ಕಳ್ಳಗಾಳಿ ನುಗ್ಗುತ್ತಿಲ್ಲವೆಂಬ ಖಾತರಿ. ಇಷ್ಟೂ ಸರಿಯಿಲ್ಲದೆ ಜೆಟ್ಟಿಗೆ ಕೈಹಾಕುವುದು, ರೋಗವನ್ನು ಗುರುತಿಸದೆ ಔಷಧಿ ಕೊಟ್ಟಂತೆ.

ಕಾರ್ಬ್ಯುರೇಟರಿನಲ್ಲಿ ಒಂದೊಂದು ಭಾಗಕ್ಕೂ ತನ್ನದೇ ಅಧಿಕಾರಕ್ಷೇತ್ರವಿದೆ. ಆಕ್ಸಿಲರೇಟರ್ ಎಂಟನೆಯ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ಟೂ ಏರ್ ಸ್ಕ್ರೂವೂ, ಅಲ್ಲಿಂದ ಕಾಲುಭಾಗದವರೆಗೆ ಹೆಚ್ಚಾಗಿ, ಗಾಳಿಯ ದಾರಿಯನ್ನು ತೆರೆಯುವ ಸ್ಲೈಡಿನ ಓರೆಯಾಗಿ ಕತ್ತರಿಸಿದ ಅಂಚೂ, ನಡುವಿನ ವಿಸ್ತಾರದಲ್ಲಿ ಸೂಜಿಯೂ, ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್ಟೂ ಪ್ರಧಾನವಾಗುವುವು. ಇವೆಲ್ಲಕ್ಕೂ ತಳಹದಿ ಫ್ಲೋಟಿನ ಮಟ್ಟ. ದೋಷವು ಯಾವ ತೆರವಿನಲ್ಲಿ ಕಾಣುವುದೋ ಆ ಭಾಗವನ್ನೇ ತಿದ್ದಬೇಕು. ತಿದ್ದುವಾಗ ಒಂದು ಬಾರಿಗೆ ಒಂದೇ ಬದಲಾವಣೆ. ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ಸೂಜಿ ಮೇಲೇರಿ ಮಿಶ್ರಣ ದಟ್ಟವಾಗುವುದು. ಏರ್ ಸ್ಕ್ರೂವನ್ನು ಹೊರಕ್ಕೆ ತಿರುವಿದರೆ ತೆಳುವಾಗುವುದು. ಬಿಸಿಯಾದ ಎಂಜಿನ್ನಿನಲ್ಲಿ ಆ ಸ್ಕ್ರೂವನ್ನು ಕಾಲು ಸುತ್ತಿನಂತೆ ಆಚೀಚೆ ತಿರುವುತ್ತ, ಅದರ ತಿರುಗುವಿಕೆಯು ಅತ್ಯಂತ ಚುರುಕಾಗಿ ಸಮನಾಗಿ ಕೇಳುವ ಬಿಂದುವನ್ನು ಕಿವಿಯಿಂದ ಹಿಡಿಯಬೇಕು.

ಸಿಲಿಂಡರುಗಳು ಎರಡಾದರೆ, ಎಂದರೆ 1983ರಿಂದ ನಮ್ಮ ದೇಶದಲ್ಲಿ ತಯಾರಾದ ರಾಜ್‌ದೂತ್ 350ರಂತೆ ಎರಡು ಸಿಲಿಂಡರಿಗೆ ಎರಡು ಕಾರ್ಬ್ಯುರೇಟರುಗಳಿದ್ದರೆ, ಇವೆರಡೂ ಜೋಡೆತ್ತುಗಳಂತೆ ಒಂದೇ ಹೆಜ್ಜೆಯಿಡಬೇಕು. ಎರಡು ಕೇಬಲ್ಲುಗಳ ಸಡಿಲವು ಒಂದೇ ಅಳತೆಯದಾಗಿ, ಎರಡು ಸ್ಲೈಡುಗಳು ಒಂದೇ ಗಳಿಗೆಯಲ್ಲಿ ಮೇಲೇಳದಿದ್ದರೆ, ಒಂದು ಸಿಲಿಂಡರ್ ಎಳೆಯುತ್ತದೆ, ಇನ್ನೊಂದು ಎಳೆಸಿಕೊಳ್ಳುತ್ತದೆ. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಎಂಜಿನ್ನುಗಳಿಗೆ ವಾಲ್ವುಗಳ ಕಾವಲಿರುವುದರಿಂದ ಮರಳುವ ಅಲೆಯ ಹಂಗು ಕಡಿಮೆ. ಆದರೂ ಹಗುರವಾಗಿ ಉಸಿರು ಬಿಡುವ ಸೈಲೆನ್ಸರನ್ನು ಕೂಡಿಸಿ ಜೆಟ್ಟನ್ನು ದೊಡ್ಡದು ಮಾಡದೆ ಬಿಟ್ಟರೆ, ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಲ್ಲಿ ಕೇಳಿಬರುವ ಪಟಪಟ ಸದ್ದು ಮಿಶ್ರಣದ ತೆಳುತನವನ್ನು ಸಾರುವುದು. 2020ರ ಏಪ್ರಿಲ್‌ನಿಂದ ಹೊಗೆಯನ್ನು ನಿಯಂತ್ರಿಸುವ ಬಿ.ಎಸ್. 6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಇಂಜೆಕ್ಟರೂ ಸೆನ್ಸರೂ ವಹಿಸಿಕೊಂಡಿವೆ. ಸಾಧನಗಳು ಬದಲಾದವು, ಒಳಹೋಗುವ ಉಸಿರಿಗೂ ಹೊರಬರುವ ಉಸಿರಿಗೂ ಇರುವ ಸಂಬಂಧ ಬದಲಾಗಲಿಲ್ಲ.

ಎಂಜಿನ್ ಸೀಜ್ ಆದ ಆ ವರ್ಷ ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಮೂಲೆಯಿಂದ ಹೆಕ್ಕಿ ತಂದ ಬ್ಯಾಫಲ್ಲುಗಳನ್ನು ಮತ್ತೆ ಸೇರಿಸಿ, ಎಂಜಿನ್ನು ಪಳಗುವವರೆಗೆ ನಿಧಾನವಾಗಿ ಓಡಿಸಿದ ಮೇಲೆ, ಮೇಸ್ತ್ರಿ ನನ್ನನ್ನು ಹಿಂದೆ ಕೂರಿಸಿಕೊಂಡು ಅದೇ ನಂಜನಗೂಡಿನ ರಸ್ತೆಗೆ ಕರೆದೊಯ್ದರು. ಒಂದಷ್ಟು ದೂರ ಪೂರ್ಣ ವೇಗದಲ್ಲಿ ಎಳೆದು, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ನನ್ನು ಆರಿಸಿ, ರಸ್ತೆಯ ಬದಿಯ ಹುಣಸೆಮರದ ಕೆಳಗೆ ನಿಲ್ಲಿಸಿದರು. ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಲಿಗೆ ತಿರುಗಿಸಿ ತೋರಿಸಿದರು. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಅದರ ಪಿಂಗಾಣಿಯ ತುದಿಯು ಹುರಿದ ಕಾಫಿಬೀಜಕ್ಕಿಂತ ತುಸು ತಿಳಿಯಾದ ಕಂದುಬಣ್ಣಕ್ಕೆ ತಿರುಗಿತ್ತು. “ಈಗ ಸದ್ದು ಕಡಿಮೆ ಆಯ್ತು ಅಂತ ಬೇಜಾರಾ?” ಎಂದು ಕೇಳಿದರು. ನಾನು ಇಲ್ಲವೆಂದೆ. ಹಿಂದಿರುಗುವಾಗ ಬೈಕನ್ನು ನನ್ನ ಕೈಗೆ ಕೊಟ್ಟರು. ಚಾಮುಂಡಿ ಬೆಟ್ಟದ ಏರಿನಲ್ಲಿ ಇಬ್ಬರನ್ನು ಹೊತ್ತ ಆ ಎಂಜಿನ್ನು ಮೂರನೆಯ ಗೇರಿನಲ್ಲಿಯೇ, ಹಿಂದೆಂದೂ ಎಳೆಯದಷ್ಟು ಸರಾಗವಾಗಿ, ಪಕ್ಕದ ಮರಗಳಲ್ಲಿ ಕುಳಿತ ಹಕ್ಕಿಗಳು ಹಾರದಷ್ಟು ಮೆಲ್ಲಗಿನ ಸ್ವರದಲ್ಲಿ, ಮೇಲಕ್ಕೆ ಎಳೆಯಿತು.